ಕಂಟ್ರೋಲ್ ಡಿ ಮತ್ತು ಕುಣಿಗಲ್ ದೊಡ್ಡಮ್ಮನ ಮೊಣಕಾಲು

ಮಾತು ಕಡಿಮೆ ಆಡುವವರನ್ನು ಜನ ಎರಡು ರೀತಿಯಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ. ಒಂದು, ಇವರಿಗೆ ತುಂಬಾ ಗೊತ್ತಿದೆ. ಇನ್ನೊಂದು, ಇವರಿಗೆ ಜಂಬ. ಮೂರನೆಯದೂ ಒಂದಿರಬಹುದು, ಇವರಿಗೆ ಏನು ಮಾತಾಡಬೇಕೆಂದೇ ತೋಚುತ್ತಿಲ್ಲ ಎನ್ನುವುದು, ಯಾರ ತಲೆಗೂ ಹೊಳೆಯುವುದಿಲ್ಲ. ನಾನು ಈ ಮೂರನೆಯ ಗುಂಪಿನವಳು. ಹೈಸ್ಕೂಲಿನಲ್ಲಿ ಪ್ರಾರ್ಥನೆ ಹಾಡಲು ನಾಲ್ಕು ಹುಡುಗಿಯರನ್ನು ಆರಿಸಿದಾಗ, ಎತ್ತರ ಸರಿಹೊಂದುತ್ತದೆ ಎಂಬ ಒಂದೇ ಕಾರಣಕ್ಕೆ ನನ್ನನ್ನೂ ಸೇರಿಸಿದ್ದರು. ಮೂರು ವರ್ಷ ನಾನು ತುಟಿ ಮಾತ್ರ ಆಡಿಸಿದೆ. ಬೀಳ್ಕೊಡುಗೆಯ ದಿನ ಮೇಡಂ ಎಲ್ಲರ ಎದುರು, ‘ಉಮಾ ಒಂದು ದಿನವೂ ಶ್ರುತಿ ತಪ್ಪಿದವಳಲ್ಲ’ ಎಂದರು. ಅದು ಅಕ್ಷರಶಃ ನಿಜವಾದ್ದರಿಂದ ನಾನು ತಿದ್ದಲು ಹೋಗಲಿಲ್ಲ.

ಇಂಥವಳಿಗೆ ಸಿಕ್ಕ ಕೆಲಸ ಮಾತ್ರ ಹಾಡಿನದೇ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಲೆಕ್ಚರರ್ ಹುದ್ದೆಗೆ ಅರ್ಜಿ ಹಾಕಿ ಕಾಯುತ್ತಿದ್ದ ದಿನಗಳು. ಅಂಗಡಿಗಳಲ್ಲಿ ಸಿ.ಡಿ.ಗಳು ಬಂದು ಕ್ಯಾಸೆಟ್ಟುಗಳನ್ನು ಹಿಂದಿನ ಸಾಲಿಗೆ ತಳ್ಳುತ್ತಿದ್ದ ಕಾಲ. ತುಮಕೂರಿನ ಮರಳೂರಿನಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ, ಹಾರ್ಡ್‌ವೇರ್ ಅಂಗಡಿಯೊಂದರ ಮಹಡಿಯ ಮೇಲೆ ಒಂದು ರೆಕಾರ್ಡಿಂಗ್ ಸ್ಟುಡಿಯೋ ಇತ್ತು. ಅದರ ಯಜಮಾನರು ಸಿದ್ದರಾಜು ಸರ್. ಮೊದಲು ಮದುವೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು. ಕರಿ ಬಿಳಿ ಮನೆಗಳ ಕೀಬೋರ್ಡಿನ ಮೇಲೆ ಅವರ ಬೆರಳು ಕುದುರೆಯಂತೆ ಓಡುತ್ತಿತ್ತು. ಎ ಬಿ ಸಿ ಡಿ ಬರೆದ ಕೀಬೋರ್ಡಿನ ಮುಂದೆ ಕೂತರೆ ಮಾತ್ರ ಕತ್ತಲೆಯಲ್ಲಿ ಸ್ವಿಚ್ ಹುಡುಕುವವರ ಹಾಗೆ ತಡಕಾಡುತ್ತಿದ್ದರು. ‘ಕಂಪ್ಯೂಟರ್ ಗೊತ್ತಿರೋರು ಒಬ್ರು ಬೇಕು ಮೇಡಂ, ಹಾಡು ಗೊತ್ತಿಲ್ದಿದ್ರೂ ಪರ್ವಾಗಿಲ್ಲ’ ಅಂದರು. ನನಗಿದ್ದ ಅರ್ಹತೆಗೆ ಇಷ್ಟು ಸರಿಯಾಗಿ ಹೊಂದುವ ಕೆಲಸ ಅಲ್ಲಿಯವರೆಗೆ ಯಾವ ಪತ್ರಿಕೆಯ ಜಾಹೀರಾತಿನಲ್ಲೂ ಬಂದಿರಲಿಲ್ಲ.

ಆ ಸಾಫ್ಟ್‌ವೇರಿನಲ್ಲಿ ಹಾಡು ಅಂದರೆ ಪರದೆಯ ಮೇಲೆ ಅಡ್ಡಡ್ಡ ಪಟ್ಟಿಗಳು. ಒಂದು ಪಟ್ಟಿ ಧ್ವನಿಯದು, ಒಂದು ತಬಲದ್ದು, ಒಂದು ಕೊಳಲಿನದು. ಎಂಟು ಎಣಿಕೆ ತಬಲ ರೆಕಾರ್ಡ್ ಮಾಡಿಕೊಂಡು ಅದರ ತುದಿ ಹಿಡಿದು ಬಲಕ್ಕೆ ಎಳೆದರೆ, ಅದೇ ಎಂಟು ಎಣಿಕೆ ಎಷ್ಟು ದೂರ ಎಳೆದರೆ ಅಷ್ಟು ದೂರ ತಾನೇ ತಾನಾಗಿ ಬಾರಿಸಿಕೊಂಡು ಹೋಗುತ್ತಿತ್ತು. ಅದಕ್ಕೆ ಲೂಪ್ ಎನ್ನುತ್ತಾರೆ. ಇದನ್ನು ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ಅಮ್ಮನ ರಂಗೋಲಿ ಕೊಳವೆ. ತೂತು ಕೊರೆದ ಕೊಳವೆಗೆ ಪುಡಿ ತುಂಬಿ ಹೊಸಿಲಿನ ಉದ್ದಕ್ಕೂ ಉರುಳಿಸಿದರೆ ಬಳ್ಳಿ, ಹೂವು, ಬಳ್ಳಿ, ಹೂವು ಬೀಳುತ್ತಾ ಹೋಗುತ್ತದಲ್ಲ, ಅದು. ನಮ್ಮಮ್ಮ ಅದನ್ನು ಹಿತ್ತಲ ಬಾಗಿಲಿಗೆ ಮಾತ್ರ ಬಳಸುತ್ತಾಳೆ. ಮುಂಬಾಗಿಲಿಗೆ ಕೈಯಲ್ಲೇ ಎಳೆಯಬೇಕು. ಯಾಕೆ ಎಂದು ನಾನು ಕೇಳಿರಲಿಲ್ಲ. ಕೇಳಬೇಕಿತ್ತು.

ಲೂಪಿಗಿಂತ ನನ್ನ ಮನಸ್ಸು ಗೆದ್ದದ್ದು ಶಾರ್ಟ್‌ಕಟ್ ಕೀಗಳು. ಮೌಸ್ ಹಿಡಿದು ಮೆನು ತೆರೆದು ಕೆಳಗಿಳಿದು ಹುಡುಕುವುದು, ಬಸ್ ಸ್ಟ್ಯಾಂಡಿನಲ್ಲಿ ನಿಂತು ದಾರಿ ಕೇಳಿದ ಹಾಗೆ. ಶಾರ್ಟ್‌ಕಟ್ ಅಂದರೆ ಯಾರನ್ನೂ ಮಾತಾಡಿಸದೆ ಹಿತ್ತಲಿನಿಂದ ಸೀದಾ ಅಡುಗೆಮನೆಗೆ ಬಂದ ಹಾಗೆ. ಸ್ಪೇಸ್ ಬಾರ್ ಒತ್ತಿದರೆ ಹಾಡು ಶುರು, ಮತ್ತೆ ಒತ್ತಿದರೆ ನಿಲುಗಡೆ. ಎಲ್ ಒತ್ತಿದರೆ ಆರಿಸಿಕೊಂಡ ಭಾಗ ಸುತ್ತು ಹಾಕುತ್ತಲೇ ಇರುತ್ತದೆ, ಮತ್ತೊಮ್ಮೆ ಎಲ್ ಒತ್ತಿದರೆ ಸುತ್ತು ಬಿಟ್ಟು ಮುಂದೆ ಹೋಗುತ್ತದೆ. ಕಂಟ್ರೋಲ್ ಡಿ ಒಂದನ್ನು ಎರಡು ಮಾಡುತ್ತದೆ. ಕಂಟ್ರೋಲ್ ಝಡ್ ಮಾಡಿದ್ದನ್ನು ಮಾಡಿಯೇ ಇಲ್ಲ ಅನ್ನಿಸುತ್ತದೆ. ಇದೆಲ್ಲವನ್ನೂ ಒಂದು ಚೀಟಿಯಲ್ಲಿ ದುಂಡಗೆ ಬರೆದು ಮಾನಿಟರಿನ ಪಕ್ಕಕ್ಕೆ ಅಂಟಿಸಿದೆ. ತಿಂಗಳೊಪ್ಪತ್ತಿನಲ್ಲಿ ಚೀಟಿ ನೋಡುವ ಅಗತ್ಯ ಉಳಿಯಲಿಲ್ಲ. ಎರಡು ತಿಂಗಳಲ್ಲಿ ಮೌಸನ್ನು ಮುಟ್ಟುವುದೇ ನನಗೆ ಅವಮಾನ ಅನ್ನಿಸತೊಡಗಿತು. ಜಂಬ ಎಂದು ಜನ ಅಂದುಕೊಳ್ಳುತ್ತಿದ್ದದ್ದು ಈಗ ನಿಜವೇ ಆಗಿತ್ತು.

ಒಮ್ಮೆ ಗುಬ್ಬಿಯ ಕಡೆಯಿಂದ ಒಬ್ಬರು ಡೋಲು ಬಾರಿಸುವವರು ಭಜನೆ ಸಿ.ಡಿ.ಗೆಂದು ಬಂದರು. ರುಮಾಲು ಬಿಚ್ಚಿ, ಕೈ ಮುಗಿದು, ಡೋಲಿಗೆ ನಮಸ್ಕಾರ ಮಾಡಿ, ಕಣ್ಣು ಮುಚ್ಚಿ ಶುರು ಮಾಡಿದರು. ಹದಿನಾರು ಎಣಿಕೆ ಆಗುವಷ್ಟರಲ್ಲಿ ನಾನು ಗಾಜಿನ ಆಚೆಯಿಂದ ‘ಸಾಕು’ ಅಂದೆ. ಅವರು ಕಣ್ಣು ಬಿಟ್ಟರು. ‘ಏನ್ ಸಾಕು? ನಾನಿನ್ನೂ ಕೈ ಬೆಚ್ಚಗೆ ಮಾಡ್ಕೊತಾ ಇದೀನಿ.’ ಮಿಕ್ಕಿದ್ದನ್ನು ಕಂಪ್ಯೂಟರ್ ಬಾರಿಸುತ್ತದೆ ಎಂದು ಸಿದ್ದರಾಜು ಸರ್ ವಿವರಿಸಿದರು. ‘ಅಂಗಾದ್ರೆ ಊಟಾನೂ ಅದ್ಕೇ ಹಾಕಿ’ ಎಂದು ಆ ಮನುಷ್ಯ ಡೋಲು ಹೆಗಲಿಗೇರಿಸಿಕೊಂಡು ಹೊರಟೇಬಿಟ್ಟರು. ನನಗೆ ಆಗ ನಗು ಬಂದಿತ್ತು. ಇದನ್ನು ಯಾಕೆ ಹೇಳಿದೆನೆಂದರೆ, ಬುದ್ಧಿ ಹೇಳುವವರು ನನ್ನ ಜೀವನದಲ್ಲಿ ಸಾಲಾಗಿ ಬಂದರು, ನಾನು ಸಾಲಾಗಿ ನಕ್ಕೆ ಎಂಬುದು ದಾಖಲಾಗಲಿ ಅಂತ.

ಇಷ್ಟರಲ್ಲಿ ನನ್ನ ಅಕ್ಕ ಶೈಲಾಗೆ ಮದುವೆ ಗೊತ್ತಾಯಿತು. ಗಂಡಿನವರು ಗುಬ್ಬಿಯವರು, ಛತ್ರವೂ ಗುಬ್ಬಿಯಲ್ಲೇ. ನಮ್ಮ ಕಡೆ ಮದುವೆ ಎಂದರೆ ಹಿಂದಿನ ದಿನ ಮಧ್ಯಾಹ್ನ ಅರಿಸಿನ ಶಾಸ್ತ್ರ, ಅರಿಸಿನ ಶಾಸ್ತ್ರ ಎಂದರೆ ಸೋಬಾನೆ ಪದ, ಸೋಬಾನೆ ಎಂದರೆ ನಮ್ಮಜ್ಜಿ. ಅಮ್ಮನ ತಾಯಿ ಅವಳು. ಕುಣಿಗಲ್ ತಾಲ್ಲೂಕು ಕೊತ್ತಗೆರೆಯಲ್ಲಿ ಮಾವನ ಮನೆಯಲ್ಲಿದ್ದಾಳೆ. ನಮ್ಮ ಬಳಗದಲ್ಲಿ ಅಜ್ಜಿಯ ಸೋಬಾನೆ ಇಲ್ಲದೆ ಯಾವ ಹುಡುಗಿಯ ಮೈಗೂ ಅರಿಸಿನ ಬಿದ್ದಿಲ್ಲ. ಅಮ್ಮನಿಗೆ, ಅಮ್ಮನ ತಂಗಿಯರಿಗೆ, ಅವರ ಮಕ್ಕಳಿಗೆ, ಎಲ್ಲರಿಗೂ ಅವಳೇ ಹಾಡಿದ್ದು. ಈ ಸಲ ಮಾತ್ರ ಅಜ್ಜಿಗೆ ಕೆಮ್ಮು ಹಿಡಿದು ಗಂಟಲು ಕೂತು, ಕುಣಿಗಲ್ಲಿನ ಡಾಕ್ಟರು ‘ಎರಡು ತಿಂಗಳು ಜೋರು ಧ್ವನಿ ತೆಗೆಯೋ ಹಾಗಿಲ್ಲ’ ಎಂದು ಕಟ್ಟುನಿಟ್ಟಾಗಿ ಹೇಳಿಬಿಟ್ಟಿದ್ದರು. ಮದುವೆಗೆ ಇದ್ದದ್ದು ಮೂರು ವಾರ.

ಎಲ್ಲರೂ ಸೇರಿ ಲಗ್ನಪತ್ರಿಕೆಗೆ ಹೆಸರು ಬರೆಯುತ್ತಿದ್ದಾಗ ನಮ್ಮ ಚಿಕ್ಕಮ್ಮ ಸರೋಜಮ್ಮ, ಅಂದರೆ ಅಪ್ಪನ ತಮ್ಮನ ಹೆಂಡತಿ, ‘ಅದಕ್ಯಾಕೆ ಅಷ್ಟು ಯೋಚ್ನೆ? ಮೈಕ್ ಸೆಟ್ಟಿನವನ ಹತ್ರ ಸಿನಿಮಾ ಹಾಡಿನ ಕ್ಯಾಸೆಟ್ ಇರುತ್ತಲ್ಲ, ಹಾಕಿಸಿದ್ರೆ ಆಯ್ತು’ ಅಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಮದುವೆಗೆಂದು ಮೊದಲೇ ಬಂದಿದ್ದ ಅಜ್ಜಿ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಸುಲಿದ ಕಾಳನ್ನು ಸಿಪ್ಪೆಯ ಕಡೆಗೂ ಸಿಪ್ಪೆಯನ್ನು ಕಾಳಿನ ಕಡೆಗೂ ಹಾಕತೊಡಗಿದಳು. ನಮ್ಮ ಮನೆಯಲ್ಲಿ ಅದನ್ನು ಗಮನಿಸಿದವಳು ನಾನೊಬ್ಬಳೇ. ಮಾತಾಡದವರಿಗೆ ಗಮನಿಸಲು ಸಮಯ ಜಾಸ್ತಿ ಇರುತ್ತದೆ. ಆ ಕ್ಷಣ ನಾನು ಮಾತಾಡಿದೆ. ‘ಅಜ್ಜಿ, ನೀನು ಒಂದು ಸಲ ಮೆಲ್ಲಗೆ ಹಾಡಿ ಕೊಡು ಸಾಕು. ಮಿಕ್ಕಿದ್ದು ನಾನು ಮಾಡ್ತೀನಿ. ಅಕ್ಕನ ಅರಿಸಿನಕ್ಕೆ ನಿನ್ನ ಧ್ವನಿಯೇ ಇರುತ್ತೆ, ಮಾತು ಕೊಡ್ತೀನಿ.’ ಇಷ್ಟು ಉದ್ದದ ವಾಕ್ಯ ನನ್ನಿಂದ ಬಂದದ್ದಕ್ಕೆ ಅಪ್ಪ ಕನ್ನಡಕ ತೆಗೆದು ನನ್ನನ್ನು ನೋಡಿದರು.

ಮಾರನೆಯ ದಿನ ಅಜ್ಜಿಯನ್ನು ಸ್ಟುಡಿಯೋಗೆ ಕರೆದುಕೊಂಡು ಹೋದೆ. ಸದ್ದು ಮಾರ್ದನಿಸದಿರಲೆಂದು ಅಲ್ಲಿ ಗೋಡೆಗೆಲ್ಲ ಮೊಟ್ಟೆಯ ಟ್ರೇಗಳನ್ನು ಅಂಟಿಸಿದ್ದರು. ಅಜ್ಜಿ ನಾಲ್ಕೂ ಗೋಡೆ ನೋಡಿ, ‘ಅಲ್ಲ ಕಣೇ, ಇಷ್ಟೊಂದು ಮೊಟ್ಟೆ ಯಾರವ್ವ ತಿಂದೋರು?’ ಎಂದಳು. ಶುದ್ಧ ಸಸ್ಯಾಹಾರಿಗಳಾದ ಸಿದ್ದರಾಜು ಸರ್ ತಲೆ ತಗ್ಗಿಸಿದರು. ಹೆಡ್‌ಫೋನ್ ತೊಡಿಸಲು ಹೋದರೆ, ‘ಇದೇನ್ಲೇ, ಕಿವೀಗೆ ಕರಟ ಕಟ್ತೀಯಾ?’ ಅಂದಳು. ಆದರೆ ಹಾಡು ಎತ್ತಿದ ಮೇಲೆ, ಅಷ್ಟು ಮೆಲುದನಿಯಲ್ಲೂ, ಸಿದ್ದರಾಜು ಸರ್ ತಾವು ಕೂತಿದ್ದ ಕುರ್ಚಿಯಿಂದ ತಮಗೇ ಗೊತ್ತಿಲ್ಲದೆ ಎದ್ದು ನಿಂತಿದ್ದರು.

ಹಾಡಿನ ಕ್ರಮ ಸರಳವಾಗಿತ್ತು. ಮುತ್ತೈದೆಯರನ್ನು ಹಿರಿತನದ ಪ್ರಕಾರ ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆಯುವುದು. ‘ಬಾರವ್ವ ಪಾರ್ವತಮ್ಮ, ಹಚ್ಚವ್ವ ಅರಿಸಿನವ’ ಎಂದು ಅಜ್ಜಿ ಹೇಳಿದರೆ, ಸುತ್ತ ಕೂತ ಹೆಂಗಸರು ‘ಸೋಬಾನೆ’ ಎಂದು ದನಿ ಕೂಡಿಸುತ್ತಾರೆ. ಕರೆಸಿಕೊಂಡವರು ಬಂದು ಮದುವಣಗಿತ್ತಿಗೆ ಅರಿಸಿನ ಹಚ್ಚುತ್ತಾರೆ. ನಂತರ ಮುಂದಿನ ಹೆಸರು. ಮೊದಲ ಹೆಸರು ಪಾರ್ವತಮ್ಮನದು, ಅವರು ಕುಣಿಗಲ್ಲಿನ ನಮ್ಮ ದೊಡ್ಡಮ್ಮ, ಅಪ್ಪನ ಅಣ್ಣನ ಹೆಂಡತಿ, ಮನೆಯ ಹಿರಿಸೊಸೆ. ಎರಡನೆಯದು ಸರೋಜಮ್ಮ ಚಿಕ್ಕಮ್ಮನದು. ಹೀಗೆ ಹನ್ನೊಂದು ಹೆಸರು. ನಾನು ಪ್ರತಿ ಹೆಸರನ್ನೂ ಒಂದೊಂದು ಸಲ, ‘ಸೋಬಾನೆ’ಯನ್ನು ಒಂದೇ ಒಂದು ಸಲ ಹಾಡಿಸಿಕೊಂಡೆ.

‘ಒಂದ್ಕಿತ ಯೋಳಿದ್ರೆ ಸಾಕಾ?’ ಎಂದಳು ಅಜ್ಜಿ. ‘ಪಾರ್ವತಿ ಮೊಣಕಾಲು ಹಿಡ್ಕಂಡು ಎದ್ದು ಬರಾಕೆ ಹೊತ್ತು ಬ್ಯಾಡ್ವಾ?’

‘ಅದನ್ನೆಲ್ಲ ಕಂಪ್ಯೂಟರ್ ನೋಡ್ಕೊಳ್ಳುತ್ತೆ ಅಜ್ಜಿ.’

‘ಕಂಪೂಟ್ರುಗೆ ಕಣ್ಣವಾ?’

ನಾನು ನಕ್ಕೆ. ಹೇಳಿದೆನಲ್ಲ, ಸಾಲಾಗಿ ನಕ್ಕೆ.

ಆಮೇಲಿನ ಮೂರು ದಿನ ನನ್ನ ಬದುಕಿನ ಅತಿ ಸುಖದ ದಿನಗಳು. ಪ್ರತಿ ಹೆಸರಿನ ಸಾಲನ್ನೂ ಕಂಟ್ರೋಲ್ ಡಿ ಒತ್ತಿ ನಾಲ್ಕು ಮಾಡಿದೆ. ಎಲ್ಲರಿಗೂ ನಾಲ್ಕೇ, ಹೆಚ್ಚಿಲ್ಲ ಕಡಿಮೆಯಿಲ್ಲ, ಪೂರ್ಣ ಸಮಾನತೆ. ಅಜ್ಜಿಯ ಒಂದು ‘ಸೋಬಾನೆ’ಯನ್ನು ಐದು ಪ್ರತಿ ಮಾಡಿ, ಒಂದನ್ನು ಕೂದಲೆಳೆಯಷ್ಟು ಹಿಂದೆ, ಇನ್ನೊಂದನ್ನು ಮುಂದೆ ಸರಿಸಿ, ಮತ್ತೊಂದರ ಶ್ರುತಿಯನ್ನು ಚೂರು ಏರಿಸಿ, ಐವರು ಅಜ್ಜಿಯರ ಮೇಳ ಕಟ್ಟಿದೆ. ಕೆಳಗೆ ಆ ಡೋಲಿನವರು ಬಿಟ್ಟುಹೋದ ಹದಿನಾರು ಎಣಿಕೆಯನ್ನು ಎಳೆದು ಹಾಸಿದೆ. ಕೇಳಿಸಿದಾಗ ಅಜ್ಜಿ ಬಹಳ ಹೊತ್ತು ಕಿವಿಗೊಟ್ಟು, ‘ನನ್ ಜೊತೆ ಹಾಡ್ತಾ ಇರೋರು ಯಾರೇ?’ ಎಂದಳು. ‘ನೀನೇ ಅಜ್ಜಿ.’ ಅಜ್ಜಿ ಮುಖ ಅರಳಲಿಲ್ಲ. ‘ಅಂಗಾರೆ ಮಿಕ್ಕೋರೆಲ್ಲ ಎಲ್ಲಿ ಹೋದ್ರು?’ ಎಂದಳು. ತಂತ್ರಜ್ಞಾನ ಹೊಸದಲ್ಲವೇ, ಅರ್ಥವಾಗಲು ಸಮಯ ಬೇಕು ಎಂದುಕೊಂಡೆ.

ಇದನ್ನು ಒಂದು ಸಿ.ಡಿ.ಗೆ ಹಾಕಿಕೊಂಡು ಹೋಗಿದ್ದರೆ ಮುಗಿಯುತ್ತಿತ್ತು. ಆದರೆ ಸಿದ್ದರಾಜು ಸರ್ ಒಪ್ಪಲಿಲ್ಲ. ‘ಕಂಪ್ಯೂಟರನ್ನೇ ತಗೊಂಡು ಹೋಗೋಣ ಮೇಡಂ. ಕಂಪ್ಯೂಟರ್ ಸೋಬಾನೆ! ನಮ್ಮ ತುಮಕೂರು ಸೀಮೆಯಲ್ಲೇ ಮೊದಲು! ನಾಲ್ಕು ಜನ ನೋಡ್ಲಿ’ ಎಂದು ಮಾನಿಟರು, ಸಿ.ಪಿ.ಯು., ಎರಡು ಸ್ಪೀಕರು ಎಲ್ಲವನ್ನೂ ಜಮಖಾನದಲ್ಲಿ ಸುತ್ತಿ ಆಟೋ ಒಂದರಲ್ಲಿ ಗುಬ್ಬಿಗೆ ಹೊರಡಿಸಿದರು. ‘ಮೌಸ್ ಎಲ್ಲಿ ಮೇಡಂ?’ ಎಂದು ಕೇಳಿದರು. ‘ನನಗೆ ಬೇಡ ಸರ್’ ಎಂದೆ. ಈ ಮೂರು ಪದ ಹೇಳಿದಾಗ ನನ್ನ ಗಲ್ಲ ಎಷ್ಟು ಮೇಲೆ ಎದ್ದಿತ್ತು ಎಂಬುದು ನನಗೆ ಇನ್ನೂ ಚೆನ್ನಾಗಿ ನೆನಪಿದೆ. ಮೌಸ್ ಮರಳೂರಿನಲ್ಲೇ ಉಳಿಯಿತು.

ಛತ್ರದಲ್ಲಿ ಅಕ್ಕನನ್ನು ಹಸೆಯ ಮೇಲೆ ಕೂರಿಸಿದರು. ಪಕ್ಕದಲ್ಲಿ ಮೇಜಿನ ಮೇಲೆ ಕಂಪ್ಯೂಟರು. ಅದಕ್ಕೂ ಯಾರೋ ಭಕ್ತಿಯಿಂದ ಅರಿಸಿನ ಕುಂಕುಮ ಇಟ್ಟಿದ್ದರು. ಅಜ್ಜಿ ನನ್ನ ಪಕ್ಕದ ಕುರ್ಚಿಯಲ್ಲಿ, ಕತ್ತಿಗೆ ಮಫ್ಲರ್ ಸುತ್ತಿಕೊಂಡು, ಕೈ ಮಡಿಲಲ್ಲಿಟ್ಟುಕೊಂಡು ಕೂತಳು. ಸ್ಪೇಸ್ ಬಾರ್ ಒತ್ತಿದೆ. ‘ಬಾರವ್ವ ಪಾರ್ವತಮ್ಮ, ಹಚ್ಚವ್ವ ಅರಿಸಿನವ’ ಎಂದು ಅಜ್ಜಿಯ ಧ್ವನಿ ಛತ್ರವೆಲ್ಲ ತುಂಬಿತು. ಗಂಡಿನ ಕಡೆಯವರು ‘ಓಹೋ’ ಎಂದರು. ಐವರು ಅಜ್ಜಿಯರು ‘ಸೋಬಾನೆ’ ಎಂದರು. ನೆರೆದಿದ್ದ ಹೆಂಗಸರು ಬಾಯಿ ತೆರೆದವರು, ಆ ಕೆಲಸ ಆಗಲೇ ಆಗಿಹೋಗಿದೆ ಎಂದು ತಿಳಿದು ಬಾಯಿ ಮುಚ್ಚಿಕೊಂಡು ಎಲೆಅಡಿಕೆ ತಟ್ಟೆಯ ಕಡೆ ತಿರುಗಿದರು.

ಕುಣಿಗಲ್ ದೊಡ್ಡಮ್ಮ ಕೂತಿದ್ದದ್ದು ಹಿಂದಿನ ಸಾಲಿನಲ್ಲಿ, ಫ್ಯಾನಿನ ಕೆಳಗೆ. ಅವರಿಗೆ ಎರಡು ಮೊಣಕಾಲೂ ನೋವು. ಮೊದಲ ಕರೆಗೆ ಕುರ್ಚಿಯ ಕೈ ಹಿಡಿದರು. ಎರಡನೆಯದಕ್ಕೆ ಎದ್ದರು. ಮೂರನೆಯದಕ್ಕೆ ಸೆರಗು ಸರಿಮಾಡಿಕೊಂಡರು. ನಾಲ್ಕನೆಯದಕ್ಕೆ ಎರಡು ಹೆಜ್ಜೆ ಇಟ್ಟರು. ಅಷ್ಟರಲ್ಲಿ ಕಂಪ್ಯೂಟರು ಯಾವ ಪಕ್ಷಪಾತವೂ ಇಲ್ಲದೆ ‘ಬಾರವ್ವ ಸರೋಜಮ್ಮ’ ಎಂದಿತು. ಚಿಕ್ಕಮ್ಮ ಹಸೆಯ ಪಕ್ಕದಲ್ಲೇ ನಿಂತಿದ್ದವರು. ಕರೆದಾಗ ಹೋಗದಿದ್ದರೆ ಹೇಗೆ ಎಂದು ಬಗ್ಗಿ ಅರಿಸಿನ ಹಚ್ಚಿಯೇಬಿಟ್ಟರು.

ಛತ್ರದ ಮಧ್ಯದಲ್ಲಿ ದೊಡ್ಡಮ್ಮ ನಿಂತುಬಿಟ್ಟರು. ‘ಆಯ್ತಲ್ಲ’ ಎಂದರು. ‘ಹಿರಿಸೊಸೆ ಇನ್ನೂ ದಾರೀಲಿ ಇರುವಾಗ್ಲೇ ಕಿರಿಯೋಳ ಕೈಲಿ ಶಾಸ್ತ್ರ ಮಾಡಿಸಿದ್ರಲ್ಲ. ಬುಡಿ, ನಮ್ದೇನಿದೆ ಇಲ್ಲಿ.’ ಆಮೇಲೆ ದೊಡ್ಡಪ್ಪನ ಕಡೆ ತಿರುಗಿ, ‘ರೀ, ಕುಣಿಗಲ್ ಬಸ್ಸು ಎಷ್ಟೊತ್ತಿಗೆ ನೋಡಿ’ ಎಂದರು. ದೊಡ್ಡಮ್ಮ ಬಸ್ಸಿನ ಸಮಯ ಕೇಳಿದರೆಂದರೆ ಅದು ಯುದ್ಧ ಘೋಷಣೆ. ಚಿಕ್ಕಮ್ಮ ‘ಅಯ್ಯೋ ಅಕ್ಕ, ನನ್ನ ಹೆಸರು ಕೂಗ್ತು, ಬಂದೆ’ ಎಂದು ಅರಿಸಿನದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಗಾಳಿಯಲ್ಲಿ ಹಿಡಿದು ನಿಂತರು. ಅಮ್ಮ ನನ್ನನ್ನು ನೋಡಿದಳು. ಎಲ್ಲರೂ ನನ್ನನ್ನು ನೋಡಿದರು. ಅಜ್ಜಿ ಮಾತ್ರ ಪರದೆಯನ್ನು ನೋಡುತ್ತಿದ್ದಳು, ಅದಕ್ಕೆ ಕಣ್ಣು ಎಲ್ಲಿದೆ ಎಂದು ಹುಡುಕುವವಳ ಹಾಗೆ.

ಆಗ ನನಗೆ ಅರ್ಥವಾಯಿತು. ಅಜ್ಜಿ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಿದ್ದದ್ದು ಪುನರಾವರ್ತನೆ ಅಲ್ಲವೇ ಅಲ್ಲ. ಅದು ಕಾಯುವುದು. ಮೊಣಕಾಲು ನೋವಿನವರಿಗೆ ಹತ್ತು ಸಲ, ಚುರುಕಾದವರಿಗೆ ಎರಡು ಸಲ, ಕಂಕುಳಲ್ಲಿ ಮಗು ಇದ್ದವರಿಗೆ ಮಗುವನ್ನು ಇನ್ನೊಬ್ಬರಿಗೆ ದಾಟಿಸುವಷ್ಟು ಸಲ. ನಾನು ಎಲ್ಲರಿಗೂ ನಾಲ್ಕು ಕೊಟ್ಟಿದ್ದೆ.

ತಿಳಿದ ಮೇಲೆ ತಡಮಾಡಲಿಲ್ಲ. ಪಾರ್ವತಮ್ಮನ ಸಾಲಿಗೆ ವಾಪಸ್ ಹೋಗಿ, ಅದನ್ನೇ ಆರಿಸಿ, ಎಲ್ ಒತ್ತಿದೆ. ‘ಬಾರವ್ವ ಪಾರ್ವತಮ್ಮ’ ಸುತ್ತತೊಡಗಿತು. ಕಾಯಲಿ, ಎಷ್ಟು ಹೊತ್ತು ಬೇಕೋ ಅಷ್ಟು ಕಾಯಲಿ. ಅಮ್ಮ ಓಡಿಹೋಗಿ ದೊಡ್ಡಮ್ಮನ ಕೈ ಹಿಡಿದು, ‘ಕೇಳಿ ಅಕ್ಕ, ನಿಮ್ಮನ್ನೇ ಕರೀತಾ ಇದೆ’ ಎಂದಳು. ಏಳೆಂಟು ಸಲ ಕರೆಸಿಕೊಂಡ ಮೇಲೆ ದೊಡ್ಡಮ್ಮನ ಮುಖ ಸಡಿಲವಾಯಿತು. ಹತ್ತನೆಯದಕ್ಕೆ ಹಸೆಯ ಹತ್ತಿರ ಬಂದರು. ಹನ್ನೆರಡನೆಯದಕ್ಕೆ ಅಕ್ಕನ ಕೆನ್ನೆಗೆ ಅರಿಸಿನ ಬಿತ್ತು. ನಾನು ನೆಮ್ಮದಿಯ ಉಸಿರು ಬಿಟ್ಟು, ಮುಂದಿನ ಹೆಸರಿಗೆ ಹೋಗಲೆಂದು ಎಲ್ ಮೇಲೆ ಬೆರಳಿಟ್ಟೆ.

ಸರಿಯಾಗಿ ಆಗ ನಮ್ಮ ದೊಡ್ಡಪ್ಪ, ಬಸ್ಸಿನ ಸಮಯ ವಿಚಾರಿಸಿಕೊಂಡು ಬಂದವರು, ಮೇಜಿನ ಹಿಂದಿನಿಂದ ದಾಟುತ್ತಾ ಕೀಬೋರ್ಡಿನ ವೈರಿಗೆ ಕಾಲು ಸಿಕ್ಕಿಸಿಕೊಂಡರು. ವೈರು ಸಿ.ಪಿ.ಯು.ವಿನಿಂದ ಕಿತ್ತು ಬಂತು. ನಾನು ಅವಸರದಲ್ಲಿ ಮತ್ತೆ ಚುಚ್ಚಿದೆ. ಆದರೆ ಆ ಕೀಬೋರ್ಡು ಒಮ್ಮೆ ಮುನಿಸಿಕೊಂಡರೆ ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚುವವರೆಗೂ ಮಾತು ಬಿಡುತ್ತಿತ್ತು. ಎಲ್ ಒತ್ತಿದೆ, ಸ್ಪೇಸ್ ಒತ್ತಿದೆ, ಕಂಟ್ರೋಲ್ ಝಡ್ ಅನ್ನಂತೂ ಗುದ್ದಿದೆ. ಏನೂ ಆಗಲಿಲ್ಲ. ‘ಮೌಸ್, ಮೌಸಲ್ಲಿ ನಿಲ್ಸಿ ಮೇಡಂ’ ಎಂದು ಸಿದ್ದರಾಜು ಸರ್ ಪಿಸುಗುಟ್ಟಿದರು. ಆಮೇಲೆ ಇಬ್ಬರೂ ಏಕಕಾಲಕ್ಕೆ ಮರಳೂರಿನ ದಿಕ್ಕಿಗೆ ನೋಡಿದೆವು.

ಹಾಡು ಸುತ್ತುತ್ತಲೇ ಇತ್ತು. ನಮ್ಮಲ್ಲಿ ಒಂದು ಪದ್ಧತಿ ಇದೆ. ಹೆಸರು ಕರೆಯುತ್ತಿರುವಷ್ಟು ಹೊತ್ತು ಅವರು ಹಚ್ಚುತ್ತಲೇ ಇರಬೇಕು, ಕೈ ತೆಗೆಯಬಾರದು. ದೊಡ್ಡಮ್ಮ ಪದ್ಧತಿ ಬಿಡುವವರಲ್ಲ. ಕೆನ್ನೆ ಆಯಿತು, ಹಣೆ ಆಯಿತು, ಕತ್ತು, ಮೊಣಕೈ, ಪಾದ, ಪಾದದ ಬೆರಳ ಸಂದಿ ಎಲ್ಲ ಆಯಿತು. ‘ಬಾರವ್ವ ಪಾರ್ವತಮ್ಮ.’ ಎರಡನೆಯ ಬಟ್ಟಲು ಅರಿಸಿನ ತರಿಸಿದರು. ಹಣೆಯ ಬೆವರನ್ನು ಭುಜದಲ್ಲಿ ಒರೆಸಿಕೊಂಡು, ‘ಇನ್ನೂ ಕರೀತಾನೇ ಅವ್ರಲ್ಲೇ, ಇನ್ನೆಲ್ಲಿಗೆ ಹಚ್ಚಲವ್ವ?’ ಎಂದರು. ‘ದೊಡ್ಡಮ್ಮ, ಕಿವಿಯೊಳಗೆ ಬೇಡ ದೊಡ್ಡಮ್ಮ’ ಎಂದು ಅಕ್ಕ ಅರಿಸಿನದ ಒಳಗಿನಿಂದ ಹೇಳಿದಳು. ಗಂಡಿನ ಕಡೆಯ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಲುಗಾಡುತ್ತಿದ್ದರು.

ಸಿದ್ದರಾಜು ಸರ್ ಗೋಡೆಯ ಸ್ವಿಚ್ಚಿಗೆ ಕೈ ಹಾಕಿದರು. ‘ಮುಟ್ಟಬೇಡಿ!’ ಎಂದು ಅಮ್ಮ ಕೂಗಿದಳು. ‘ಸೋಬಾನೆ ಮಧ್ಯದಲ್ಲಿ ಕಡಿಯಬಾರ್ದು. ಇನ್ನೊಂದು ದನಿ ಎತ್ತಿಕೊಂಡ ಮೇಲೇ ಈ ದನಿ ನಿಲ್ಲಬೇಕು.’

ಇನ್ನೊಂದು ದನಿ ಯಾರದು? ಎಲ್ಲರ ಕಣ್ಣೂ ಅಜ್ಜಿಯ ಕಡೆ ಹೋಯಿತು. ಅಜ್ಜಿ ಮಫ್ಲರ್ ಸಡಿಲಿಸಿದಳು. ‘ಅಮ್ಮ, ಡಾಕ್ಟ್ರು!’ ಎಂದಳು ನಮ್ಮಮ್ಮ, ಅಳುವ ದನಿಯಲ್ಲಿ. ಅಜ್ಜಿ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ಹೊಲದ ಕೆಲಸ ಮಾಡಿದ ಕೈ, ಹಿಡಿದರೆ ಬಿಡಿಸಿಕೊಳ್ಳುವ ಮಾತಿಲ್ಲ.

‘ಮಾತು ಕೊಟ್ಟಿದ್ಯಲ್ಲ. ಯೋಳು.’

‘ಅಜ್ಜಿ, ನನಗೆ ಬರಲ್ಲ.’

‘ಮೂರು ದಿವ್ಸ ಅದ್ನೇ ಕೇಳಿದ್ದೀಯ. ನಿಂಗೆ ಬರದೆ ಇನ್ಯಾರ್ಗೆ ಬತ್ತದೆ? ಯೋಳು ಅಂದ್ರೆ.’

ಆ ಸಾಲನ್ನು ನಾನು ಕಡಿಮೆಯೆಂದರೆ ಮುನ್ನೂರು ಸಲ ಕೇಳಿದ್ದೆ. ಕಂಪ್ಯೂಟರಿನ ಜೊತೆಗೇ ಬಾಯಿ ತೆರೆದೆ. ಮೊದಲು ಹಳೇ ಅಭ್ಯಾಸದಂತೆ ತುಟಿ ಮಾತ್ರ ಆಡಿತು. ಅಜ್ಜಿ ಮಣಿಕಟ್ಟನ್ನು ಚಿವುಟಿ ಗಿಂಡಿದಳು. ಸದ್ದು ಬಂತು. ಅದು ನನ್ನದೇ ಎಂದು ನಂಬಲು ನನಗೆ ಎರಡು ಸುತ್ತು ಬೇಕಾಯಿತು. ಅಜ್ಜಿ ಸಿದ್ದರಾಜು ಸರ್‌ಗೆ ಕಣ್ಣಿನಲ್ಲಿ ಸನ್ನೆ ಮಾಡಿದಳು. ಅವರು ಸ್ವಿಚ್ ಆರಿಸಿದರು. ಐವರು ಅಜ್ಜಿಯರೂ ಡೋಲೂ ಒಮ್ಮೆಲೇ ಮಾಯವಾಗಿ, ಛತ್ರದಲ್ಲಿ ನನ್ನ ಧ್ವನಿಯೊಂದೇ ಉಳಿಯಿತು, ನೀರು ಹಿಂದೆ ಸರಿದ ಕೆರೆಯಲ್ಲಿ ನಿಂತ ಕೊಕ್ಕರೆಯ ಹಾಗೆ. ಸಾಲು ಮುಗಿಸಿದೆ. ‘ಸೋಬಾನೆ’ ಎಂದು ನಲವತ್ತು ಹೆಂಗಸರು ಎಲೆಅಡಿಕೆ ತುಂಬಿದ ಬಾಯಲ್ಲಿ ಒಟ್ಟಿಗೆ ದನಿ ಎತ್ತಿದರು. ಗಂಡಿನ ಕಡೆಯವರೂ ಸೇರಿಕೊಂಡರು. ಒಬ್ಬೊಬ್ಬರ ಶ್ರುತಿ ಒಂದೊಂದು ಊರಿನದು. ಯಾವ ಸಾಫ್ಟ್‌ವೇರಿನಲ್ಲೂ ಅಷ್ಟು ಸಂತೋಷದ ಅಪಶ್ರುತಿಯನ್ನು ನಾನು ಕೇಳಿಲ್ಲ.

ಮಿಕ್ಕ ಹೆಸರುಗಳಿಗೆ ಅಜ್ಜಿ ಮಣಿಕಟ್ಟು ಬಿಡಲಿಲ್ಲ. ಅವಳು ಬಾಗಿಲ ಕಡೆ, ಕುರ್ಚಿಗಳ ಕಡೆ, ಬರುವವರ ಕಾಲಿನ ಕಡೆ ಕಣ್ಣಿಟ್ಟಿರುತ್ತಿದ್ದಳು. ಒಂದು ಸಲ ಗಿಂಡಿದರೆ ಮತ್ತೊಮ್ಮೆ ಹೇಳು ಎಂದರ್ಥ. ಎರಡು ಸಲ ತಟ್ಟಿದರೆ ಮುಂದಿನ ಹೆಸರು. ಬಳೆ ಹಿಡಿದು ಮೇಲಕ್ಕೆ ಎಳೆದರೆ ದನಿ ಏರಿಸು. ಒಮ್ಮೆ ನಾನು ಚಿಕ್ಕಮ್ಮನ ಹೆಸರನ್ನು ಬಿಟ್ಟು ಮುಂದೆ ಹೋಗಲಿದ್ದೆ, ಅವರದು ಆಗಲೇ ಆಗಿದೆಯಲ್ಲ ಎಂದು. ಅಜ್ಜಿ ಜೋರಾಗಿ ಗಿಂಡಿದಳು. ಚಿಕ್ಕಮ್ಮನನ್ನು ಮತ್ತೆ, ಹಿರಿಯಳ ಹಿಂದೆ, ಕ್ರಮವಾಗಿ ಕರೆಸಿದಳು. ಚಿಕ್ಕಮ್ಮ ಹಚ್ಚಲು ಜಾಗ ಹುಡುಕಿ, ಕೊನೆಗೆ ಅಕ್ಕನ ಮೂಗಿನ ತುದಿಯಲ್ಲಿ ಸ್ವಲ್ಪ ಖಾಲಿ ಕಂಡು ಅಲ್ಲಿಗೆ ಮುಟ್ಟಿಸಿದರು. ಏಳನೆಯ ಹೆಸರಿನ ಹೊತ್ತಿಗೆ ನನಗೆ ಹೊಳೆಯಿತು. ಇಷ್ಟು ದಿನ ಕೀಬೋರ್ಡಿನ ಮುಂದೆ ಕೂತಿದ್ದವಳು ಈಗ ನಾನೇ ಕೀಬೋರ್ಡ್ ಆಗಿದ್ದೆ. ಅಜ್ಜಿಗೆ ಶಾರ್ಟ್‌ಕಟ್ಟುಗಳನ್ನು ಯಾರೂ ಕಲಿಸಬೇಕಿರಲಿಲ್ಲ. ಅವಳು ಮೌಸನ್ನೂ ಮುಟ್ಟಲಿಲ್ಲ.

ಮರುದಿನ ಮುಹೂರ್ತದಲ್ಲಿ ಅಕ್ಕ ಉಗುರಿನ ಅಂಚಿನವರೆಗೂ ಹಳದಿಯಾಗಿಯೇ ಇದ್ದಳು. ಫೋಟೋಗ್ರಾಫರ್ ಲೈಟು ಬದಲಿಸಿ ಬದಲಿಸಿ ಸುಸ್ತಾಗಿ, ‘ಮೇಡಂ, ನಮ್ಮ ಕ್ಯಾಮೆರಾನೇ ಏನೋ ಆಗಿದೆ’ ಎಂದು ಕ್ಷಮೆ ಕೇಳಿದ. ದೊಡ್ಡಮ್ಮ ಕುಣಿಗಲ್ ಬಸ್ಸಿನ ವಿಷಯ ಮತ್ತೆ ಎತ್ತಲಿಲ್ಲ. ಮದುವೆ ಮುಗಿದ ಮೇಲೂ ಎರಡು ದಿನ ನಮ್ಮಲ್ಲೇ ಇದ್ದು, ಬಂದವರಿಗೆಲ್ಲ ‘ನೂರು ಸಲ ಕರೆದ್ರು ಕಣಮ್ಮ ನನ್ನ, ನೂರು ಸಲ’ ಎಂದು ಹೇಳಿದರು. ನಲವತ್ತಮೂರು ಸಲ. ಎಣಿಸಿದ್ದೆ. ಆದರೆ ತಿದ್ದಲು ಹೋಗಲಿಲ್ಲ.

ಇದಾಗಿ ಎರಡು ವರ್ಷ. ಸ್ಟುಡಿಯೋದಲ್ಲಿ ನಾನು ಈಗಲೂ ಲೂಪ್ ಹಾಕುತ್ತೇನೆ, ಅಮ್ಮನ ಕೊಳವೆಯ ಹಾಗೆ ಹಿತ್ತಲ ಬಾಗಿಲಿಗೆ ಮಾತ್ರ. ಡೋಲಿನವರು ಬಂದರೆ ತಾವಾಗಿ ಕಣ್ಣು ಬಿಡುವವರೆಗೂ ‘ಸಾಕು’ ಎನ್ನುವುದಿಲ್ಲ. ಮಾನಿಟರಿನ ಪಕ್ಕದ ಚೀಟಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಗಿಂಡುವುದು: ಮತ್ತೊಮ್ಮೆ. ತಟ್ಟುವುದು: ಮುಂದೆ’ ಎಂದು ಸೇರಿಸಿದ್ದೇನೆ. ಸಿದ್ದರಾಜು ಸರ್ ಅದನ್ನು ಓದಿ, ಕೀಬೋರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದು ಹೊಸಾ ವರ್ಷನ್‌ದಾ ಮೇಡಂ?’ ಎಂದು ಕೇಳಿದರು. ಹಳೆಯದು ಎಂದೆ.

ಆಮೇಲೆ ನಮ್ಮ ಬಳಗದಲ್ಲಿ ನಾಲ್ಕು ಮದುವೆಗಳಾದವು. ನಾಲ್ಕರಲ್ಲೂ ಅಜ್ಜಿ ನನ್ನ ಮಣಿಕಟ್ಟು ಹಿಡಿದಳು. ಅಜ್ಜಿಯ ಗಂಟಲು ಡಾಕ್ಟರು ಹೇಳಿದ ಎರಡು ತಿಂಗಳಿಗೇ ವಾಸಿಯಾಗಿದೆ. ಇದು ನನಗೆ ಖಚಿತವಾಗಿ ಗೊತ್ತು. ಕೊತ್ತಗೆರೆಯಲ್ಲಿ ಅವಳು ತೆಂಗಿನ ತೋಟದಿಂದ ಕೋತಿ ಓಡಿಸುವ ಕೂಗು, ಮಾವ ಮನೆಯೊಳಗಿನಿಂದ ಫೋನ್ ಮಾಡಿದಾಗಲೂ ಕೇಳಿಸುತ್ತದೆ. ಆದರೂ ಮದುವೆ ಮನೆಗೆ ಬಂದಳೆಂದರೆ ಎರಡು ಸಲ ಸಣ್ಣಗೆ ಕೆಮ್ಮಿ, ‘ಯಾಕೋ ಈ ಗಂಟ್ಲು ಇನ್ನೂ ಸರಿಯೋಗ್ಲಿಲ್ಲ ಕಣವ್ವ’ ಎಂದು ಕೈ ಚಾಚುತ್ತಾಳೆ. ನಾನು, ಎಲ್ಲರ ತಪ್ಪನ್ನೂ ಎಣಿಸಿ ಇಟ್ಟುಕೊಳ್ಳುವವಳು, ಅದೊಂದನ್ನು ಎಣಿಸುವುದಿಲ್ಲ. ನನಗೆ ಹಾಡುವುದರಲ್ಲಿ ಆಸೆ ಇದೆಯೆಂದು ಯಾರೂ ತಿಳಿಯಬಾರದಲ್ಲ. ಅಜ್ಜಿಗೆ ಕಾಯಿಲೆ, ಅದಕ್ಕೇ ಪಾಪ ಉಮಾ ಹಾಡುತ್ತಾಳೆ.

ಮೊನ್ನೆಯ ಮದುವೆಯಲ್ಲಿ ಮಾತ್ರ ಸ್ವಲ್ಪ ಅಪಾಯವಾಗಿತ್ತು. ಅಜ್ಜಿ ಬೀಗರ ಜೊತೆ ಮಾತಿನ ಸಂಭ್ರಮದಲ್ಲಿ ಕೆಮ್ಮುವುದನ್ನು ಮರೆತೇಬಿಟ್ಟಳು. ಅರಿಸಿನದ ಬಟ್ಟಲು ಬಂತು, ಅವಳೇ ಹಾಡು ಎತ್ತುವವಳಂತೆ ಗಂಟಲು ಸರಿಮಾಡಿಕೊಂಡು ಬಾಯಿ ತೆರೆದಳು. ನಾನು ಪಕ್ಕದಲ್ಲಿ ಕೂತು, ಅವಳಿಗೆ ಮಾತ್ರ ಕೇಳಿಸುವಷ್ಟು, ಎರಡು ಸಲ ಸಣ್ಣಗೆ ಕೆಮ್ಮಿದೆ. ಮಣಿಕಟ್ಟನ್ನು ಅವಳ ಮಡಿಲಲ್ಲಿ ಇಟ್ಟೆ.